ತೊಲೆಯ ಇನ್ನೊಂದು ತುದಿ

ನವನಗರ, ಬಾಗಲಕೋಟೆ
೧೮ ಜೂನ್ ೨೦೨೪

ಪ್ರೀತಿಯ ಮುಬಶೀರಾ,

ಫೋನಿನಲ್ಲಿ ಹೇಳಬೇಕೆಂದು ಎರಡು ಸಲ ನೋಡಿದೆ. ಎರಡೂ ಸಲ ನೀನು "ಪೇಷಂಟ್ ಬಂದಾರ, ಇಡ್ತೇನಿ" ಎಂದು ಇಟ್ಟುಬಿಟ್ಟೆ. ಬಂದಿರಲೂಬಹುದು. ಹೆರಿಗೆ ದವಾಖಾನೆಯ ಡಾಕ್ಟರಿಗೆ ಬಿಡುವೆಲ್ಲಿ? ಆದರೆ ಹೋದ ವರ್ಷ ನೀನು ಮುಂದಿನ ಓದು ಬಿಟ್ಟು ಸಂಗಮದ ಕಡೆಯ ಆ ಹಳ್ಳಿಗೆ ಹೊರಟಾಗ ನಾನು ಆಡಿದ ಮಾತು ಇನ್ನೂ ನಿನ್ನ ಕಿವಿಯಲ್ಲಿದೆ ಎಂಬುದೂ ನನಗೆ ಗೊತ್ತು. ಪತ್ರವಾದರೆ ನಡುವೆ ಕತ್ತರಿಸಿಹೋಗುವುದಿಲ್ಲ. ಮನೆಯಲ್ಲಿ ಉರ್ದು ಆಡಿದರೂ ಬರೆಯಲು ಕುಳಿತರೆ ನಮ್ಮಿಬ್ಬರ ಕೈಯೂ ಓಡುವುದು ಕನ್ನಡದಲ್ಲೇ.

ವಿಷಯ ಇದು. ನಿಮ್ಮ ದವಾಖಾನೆಯ ಟ್ರಸ್ಟಿನ ಪಂಢರೀನಾಥರಾಯರು ಮೊನ್ನೆ ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ಬಂದಿದ್ದರು. ಹೆರಿಗೆ ಕೋಣೆಯ ಛಾವಣಿಯಿಂದ ಗಿಲಾವು ಉದುರುತ್ತಿದೆಯಂತೆ, ಕೋಣೆಯನ್ನು ದಾಟಿ ಹೋಗುವ ದೊಡ್ಡ ತೊಲೆಯಲ್ಲಿ ಬಿರುಕು ಬಿಟ್ಟಿದೆಯಂತೆ. "ನಮ್ಮವ್ವ ಮಥುರಾಬಾಯಿ ಕಟ್ಟಿಸಿದ್ದ ದವಾಖಾನಿ ಇದು. ನಾ ಇರೂತನಕ ಅದಕ್ಕ ಏನೂ ಆಗಬಾರದು. ಬಿರುಕು ಎಷ್ಟು ಆಳಕ್ಕ ಹೋಗೇದ ಅನ್ನೂದನ್ನ ನೀವು ಕಂಪ್ಯೂಟರಿನ್ಯಾಗ ನೋಡಿ ಹೇಳ್ತೀರಂತ ಕೇಳೇನ್ರಿ" ಅಂದರು. ಅಲ್ಲಿಯ ಡಾಕ್ಟರು ನನ್ನ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ.

ನೀನು ಆ ತೊಲೆಯ ಕೆಳಗೆ ದಿನವೂ ನಿಲ್ಲುತ್ತೀ. ಗಿಲಾವಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಮುಂದಿನ ತಿಂಗಳು ನನ್ನ ಸಂಶೋಧನಾ ವಿದ್ಯಾರ್ಥಿ ರಿಜ್ವಾನನನ್ನು ಕರೆದುಕೊಂಡು ಬರುತ್ತೇನೆ. ನಿಮ್ಮ ಅಬ್ಬಾ ನಾನು ಬರೆಯುವುದನ್ನು ನೋಡುತ್ತ, "ತಾಯಿ ಮಗಳು ಕಾಗದದಾಗರ ಮಾತಾಡ್ತೀರಲ್ಲ, ಭಾಳ ಆತು" ಅನ್ನುತ್ತಿದ್ದಾರೆ.

ನಿನ್ನ ಅಮ್ಮಿ,
ಮೆಹರುನ್ನಿಸಾ


ಮಥುರಾಬಾಯಿ ಹೆರಿಗೆ ದವಾಖಾನೆ
ಕೂಡಲಸಂಗಮ ರಸ್ತೆ
೨ ಜುಲೈ ೨೦೨೪

ಅಮ್ಮಿ,

ಗಿಲಾವು ಎಲ್ಲ ಹಳೆಯ ಕಟ್ಟಡಗಳಲ್ಲೂ ಉದುರುತ್ತದೆ. ಹೇಳುವಂಥದ್ದು ಅನ್ನಿಸಲಿಲ್ಲ.

ನೀವು ಬರಬೇಡಿ ಅನ್ನುವ ಅಧಿಕಾರ ನನಗಿಲ್ಲ. ಆದರೆ ನಿಮ್ಮ ಕಾಲೇಜಿನಲ್ಲಿ ಬೇರೆಯವರೂ ಇದ್ದಾರಲ್ಲ, ಅವರನ್ನು ಕಳುಹಿಸಿದರೆ ಒಳ್ಳೆಯದು. ಇಲ್ಲಿ ಬರುವ ಹೆಂಗಸರು ನನ್ನನ್ನು ಡಾಕ್ಟರಬಾಯಿ ಅನ್ನುತ್ತಾರೆ. ನೀವು ಬಂದರೆ ಮತ್ತೆ ಯಾರದೋ ಮಗಳಾಗುತ್ತೇನೆ.

ಅಬ್ಬಾನಿಗೆ ಸಲಾಂ ಹೇಳಿ. ಅಮೀನಗಡದ ಕರದಂಟು ಬಸ್ಸಿನವರ ಕೈಯಲ್ಲಿ ಕಳುಹಿಸಿದ್ದೆ. ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ.

ಮುಬಶೀರಾ


ನವನಗರ, ಬಾಗಲಕೋಟೆ
೨೧ ಆಗಸ್ಟ್ ೨೦೨೪

ಪ್ರೀತಿಯ ಮುಬಶೀರಾ,

ಬಂದು ಹೋಗಿ ಮೂರು ವಾರವಾಯಿತು. ನೀನು ನಮಗೆ ಚಹಾ ತರಿಸಿದೆ, ನನ್ನನ್ನು "ಮೇಡಂ" ಎಂದು ಕರೆದೆ, ಬಸವಳಿದ ಒಬ್ಬ ಗರ್ಭಿಣಿಯ ಬೆನ್ನು ನೀವುತ್ತ ಒಳಗೆ ಹೋದೆ. ನಾನು ನಿನ್ನನ್ನು ಕೆಲಸದಲ್ಲಿ ನೋಡಿದ್ದು ಅದೇ ಮೊದಲು. ಏನೋ ಹೇಳಬೇಕು ಅನ್ನಿಸಿತ್ತು, ರಿಜ್ವಾನ ಏಣಿಯ ಮೇಲಿಂದ ಟೇಪು ಕೇಳಿದ. ಮಾತು ಅಲ್ಲೇ ಉಳಿಯಿತು.

ನೀನು ಕೇಳದಿದ್ದರೂ ಕೆಲಸ ಎಲ್ಲಿಗೆ ಬಂತೆಂದು ಹೇಳುತ್ತೇನೆ. ಹೆರಿಗೆ ಕೋಣೆಯ ಕಡೆಯಿಂದ ಕೊರೆದು ತಂದ ಕಾಂಕ್ರೀಟಿನ ತುಣುಕುಗಳಲ್ಲಿ ಉಪ್ಪಿನ ಅಂಶ ಬಹಳ ಇದೆ. ಕಟ್ಟುವಾಗ ಸವುಳು ಬಾವಿಯ ನೀರಿನಿಂದಲೇ ಕಲಸಿರಬೇಕು. ಉಪ್ಪು ಒಳಗಿನ ಕಬ್ಬಿಣದ ಸರಳನ್ನು ತಿನ್ನುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ, ತನ್ನ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹೊರಗೆ ಕೂದಲೆಳೆಯಷ್ಟು ಕಾಣುವುದು ಒಳಗೆ ಎಷ್ಟಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಕಂಪ್ಯೂಟರಿನಲ್ಲಿ ತೊಲೆಯ ಮಾದರಿ ಮಾಡುತ್ತೇವೆ. ಇಡೀ ತೊಲೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಎಣಿಸಿಕೊಂಡು, ಪ್ರತಿ ತುಂಡಿಗೂ ಒಂದು ಹಾನಿಯ ಅಂಕ ಕೊಡುತ್ತೇವೆ. ಸೊನ್ನೆಯೆಂದರೆ ಗಟ್ಟಿಯಾಗಿದೆ, ಒಂದೆಂದರೆ ಸತ್ತುಹೋಗಿದೆ. ಮೇಲಿನ ಭಾರ ಬಿದ್ದಂತೆ ಒಂದು ತುಂಡು ಸೋತರೆ ಅದರ ಪಾಲಿನ ಭಾರ ಪಕ್ಕದ ತುಂಡಿಗೆ ಹೋಗುತ್ತದೆ. ಅದೂ ಸೋತರೆ ಅದರಾಚೆಯದಕ್ಕೆ. ಬಿರುಕು ಹೀಗೆ ನಡೆಯುತ್ತದೆ. ಪರದೆಯ ಮೇಲೆ ಅದು ನೀಲಿಯಲ್ಲಿ ಕೆಂಪು ಹರಡಿದಂತೆ ಕಾಣುತ್ತದೆ.

ಆದರೆ ಸರಳು ಎಷ್ಟು ಉಳಿದಿದೆ ಎಂಬುದನ್ನು ಊಹಿಸಿಯೇ ಹಾಕಬೇಕು. ಒಂದು ಊಹೆಗೆ ತೊಲೆ ಇನ್ನೂ ಹತ್ತಾರು ವರ್ಷ ನಿಲ್ಲುತ್ತದೆ. ಅದನ್ನು ತುಸು ಇಳಿಸಿದರೆ ಹೆರಿಗೆ ಮೇಜಿನ ನೇರ ಮೇಲೆ ಕೆಂಪು ಕಾಣಿಸಿಕೊಂಡು, ನೋಡುನೋಡುತ್ತಿದ್ದಂತೆ ತೊಲೆ ಎರಡಾಗುತ್ತದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಎಷ್ಟೋ ಸೇತುವೆಗಳು, ನೀರಿನ ಟಾಕಿಗಳು ಈ ಪರದೆಯ ಮೇಲೆ ಮುರಿದಿವೆ. ಮುರಿದ ಮೇಲೆ ಹೋಗಿ ಊಟ ಮಾಡಿದ್ದೇನೆ. ಈಗ ಹಾಗಾಗುತ್ತಿಲ್ಲ.

ನಿನ್ನ ಅಮ್ಮಿ,
ಮೆಹರುನ್ನಿಸಾ


ಮಥುರಾಬಾಯಿ ಹೆರಿಗೆ ದವಾಖಾನೆ
೧೫ ಸೆಪ್ಟೆಂಬರ್ ೨೦೨೪

ಅಮ್ಮಿ,

ಒಂದೇ ಪ್ರಶ್ನೆ. ನಾನು ಆ ಕೋಣೆಯಲ್ಲಿ ಇಲ್ಲದಿದ್ದರೂ ನೀವು ಸರಳಿನ ಆ ಊಹೆಯನ್ನು ಇಳಿಸಿ ನೋಡುತ್ತಿದ್ದಿರಾ?

ಸಿಟ್ಟಿನಿಂದ ಕೇಳುತ್ತಿಲ್ಲ. ನಿಮ್ಮ ವರದಿ ಬಂದರೆ ಕೋಣೆ ಮುಚ್ಚುವ ಕಾಗದಕ್ಕೆ ಸಹಿ ಹಾಕಬೇಕಾದವಳು ನಾನು. ಮುಚ್ಚಿದರೆ ಹೊಳೆದಂಡೆಯ ಹಳ್ಳಿಗಳ ಹೆಂಗಸರು ಹುನಗುಂದಕ್ಕೋ ಇಳಕಲ್ಲಿಗೋ ಹೋಗಬೇಕು. ಕೆಲವರು ಹೋಗುತ್ತಾರೆ. ಕೆಲವರು ಮನೆಯಲ್ಲೇ ಉಳಿಯುತ್ತಾರೆ. ಉಳಿದವರಲ್ಲಿ ಏನಾಗುತ್ತದೆ ಎಂಬುದಕ್ಕೆ ನನ್ನ ಹತ್ತಿರ ಮಾದರಿ ಇಲ್ಲ, ಆದರೆ ನನಗೆ ಗೊತ್ತಿದೆ.

ಇಲ್ಲಿಯವರನ್ನು ಕೇಳಿದೆ. ಕಸ ಹೊಡೆಯುವ ಅಮೀನಬಿ ಅನ್ನುತ್ತಾಳೆ, "ಬೀಳೂದಾಗಿದ್ರ ಇಷ್ಟೊತ್ತಿಗೆ ಬೀಳ್ತಿತ್ರಿ ಬಾಯಿ. ನನ್ನ ಎರಡೂ ಮಕ್ಕಳು ಇದರ ಬುಡಕs ಹುಟ್ಯಾವು." ಪಂಢರೀನಾಥರಾಯರು ದಿನಾ ಬೆಳಿಗ್ಗೆ ಬಂದು ಕತ್ತು ಎತ್ತಿ ತೊಲೆ ನೋಡಿ ಹೋಗುತ್ತಾರೆ. ನಿನ್ನೆ ಮಾತ್ರ ಬಾಗಿಲಲ್ಲಿ ನಿಂತು, "ನಿಮ್ಮ ತಾಯೇರು ಏನ್ ಬರದ್ರೂ ನಾ ಒಪ್ತೇನಿ. ಆದರ ಬರಿಯೂ ಮುಂದ ಅವರು ತಾಯಾಗಿ ಬರೀಬಾರದು ನೋಡ್ರಿ" ಅಂದರು.

ನನ್ನ ಪ್ರಶ್ನೆಯೂ ಅದೇ.

ಮುಬಶೀರಾ


ನವನಗರ, ಬಾಗಲಕೋಟೆ
೬ ಅಕ್ಟೋಬರ್ ೨೦೨೪

ಪ್ರೀತಿಯ ಮುಬಶೀರಾ,

ನಿನ್ನ ಪತ್ರ ಬಂದ ದಿನ ಉತ್ತರ ಬರೆಯಲು ಕುಳಿತು, "ಖಂಡಿತ ನೋಡುತ್ತಿದ್ದೆ" ಎಂದು ಬರೆದು, ಹರಿದುಹಾಕಿದೆ. ನಿಜ ಹೇಳಬೇಕೆಂದರೆ ನನಗೆ ತಿಳಿಯದು.

ಆದ್ದರಿಂದ ಹೀಗೆ ಮಾಡಿದೆ. ತೊಲೆಯ ಅಳತೆ, ಕಾಂಕ್ರೀಟಿನ ಗುಣ, ಉಪ್ಪಿನ ಪ್ರಮಾಣ, ಬಿರುಕಿನ ಚಿತ್ರ ಎಲ್ಲವನ್ನೂ ರಿಜ್ವಾನನಿಗೆ ಕೊಟ್ಟು, ಮಾದರಿಯನ್ನು ಮೊದಲಿನಿಂದ ಅವನೇ ಕಟ್ಟಲಿ ಎಂದೆ. ಸರಳಿನ ಊಹೆ ಅವನದೇ. ನಾನು ಏನು ಹಾಕಿದ್ದೆನೆಂದು ಹೇಳಲಿಲ್ಲ, ಅವನ ಕೋಣೆಯ ಕಡೆಗೂ ಹೋಗಲಿಲ್ಲ. ಆ ದಿನಗಳಲ್ಲಿ ನಿಮ್ಮ ಅಬ್ಬಾ ನನ್ನನ್ನು ಸಹಿಸಿಕೊಂಡದ್ದೇ ಹೆಚ್ಚು. ಅಡುಗೆಮನೆಯಲ್ಲಿ ನಿಂತು ಗೋಡೆಯ ಸುಣ್ಣ ಕೆರೆಯುತ್ತಿದ್ದೆನಂತೆ. "ಬಿಡ, ಅದು ಬರೇ ಸುಣ್ಣ ಐತಿ" ಅಂದರು.

ಕೊನೆಗೆ ರಿಜ್ವಾನ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. "ಮೇಡಂ, ಖಚಿತವಾಗಿ ಬೀಳ್ತದ ಅನ್ನಾಕ ಆಗೂದಿಲ್ರಿ. ಆದರ ಬೀಳೂದಿಲ್ಲ ಅಂತ ಬರದು ನನ್ನ ಹೆಸರು ಹಾಕಂದ್ರ, ನಾ ಹಾಕೂದಿಲ್ಲ" ಅಂದ. ಅವನ ಮಾದರಿಯಲ್ಲೂ ಕೆಂಪು ಹುಟ್ಟಿದ್ದು ಮೇಜಿನ ಮೇಲೆಯೇ. ತೊಲೆಯ ಇನ್ನೊಂದು ತುದಿ, ಅಂದರೆ ಹೊರಗಿನ ಪಡಸಾಲೆಯ ಮೇಲಿನ ಭಾಗ, ಇಬ್ಬರ ಮಾದರಿಯಲ್ಲೂ ನೀಲಿಯಾಗಿಯೇ ಉಳಿಯಿತು.

ವರದಿಯನ್ನು ರಾಯರಿಗೆ ಕಳುಹಿಸಿದ್ದೇನೆ. ಹೆರಿಗೆ ಕೋಣೆ ಮುಚ್ಚಬೇಕು, ಉಕ್ಕಿನ ಕಂಬಗಳ ಆಸರೆ ಕೊಡಬೇಕು, ತೊಲೆಯನ್ನು ಒಡೆದು ನೋಡಿ ಹೊಸದು ಹಾಕಬೇಕು. ಪಡಸಾಲೆ ಬಳಸಬಹುದು.

ಇದಕ್ಕಿಂತ ಹೆಚ್ಚು ನನಗೆ ಮಾಡಲು ಬರಲಿಲ್ಲ.

ನಿನ್ನ ಅಮ್ಮಿ,
ಮೆಹರುನ್ನಿಸಾ


ಮಥುರಾಬಾಯಿ ಹೆರಿಗೆ ದವಾಖಾನೆ
೩ ನವೆಂಬರ್ ೨೦೨೪

ಅಮ್ಮಿ,

ಸಹಿ ಹಾಕಿದೆ. ಕೋಣೆಗೆ ಬೀಗ ಬಿದ್ದಿದೆ. ಒಳಗೆ ಉಕ್ಕಿನ ಕಂಬಗಳು ನಿಂತಿವೆ, ಅವುಗಳ ನಡುವೆ ಬೆಕ್ಕೊಂದು ಮರಿ ಹಾಕಿದೆ. ಅದೊಂದೇ ಹೆರಿಗೆ ಈಗ ಅಲ್ಲಿ.

ತಪಾಸಣೆ, ಔಷಧಿ, ಚುಚ್ಚುಮದ್ದು ನಡೆಸುತ್ತಿದ್ದೇವೆ. ತಪಾಸಣೆಗೆ ಬಂದವರು ಕೂಡುವ ಬೆಂಚುಗಳನ್ನೆಲ್ಲ ಪಡಸಾಲೆಗೆ ತಂದು ಹಾಕಿಸಿದ್ದೇನೆ. ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಿನ ತುಂಬಿದವರಿಗೆ ಚೀಟಿ ಬರೆದು ಕಳುಹಿಸುತ್ತೇನೆ. "ನೀವs ಇಲ್ಲಿ ಕುಂತೀರಿ, ನಮ್ಮನ್ಯಾಕ ಅಲ್ಲಿಗೆ ಅಟ್ಟತೀರಿ?" ಎಂದು ಕೇಳುತ್ತಾರೆ. ಕಿಟಕಿಯಿಂದ ತೊಲೆ ತೋರಿಸಿದರೆ ನೋಡುತ್ತಾರೆ, ಅವರಿಗೆ ಅಲ್ಲಿ ಏನೂ ಕಾಣುವುದಿಲ್ಲ.

ತೊಲೆ ಒಡೆಯಲು ಯಾರು ಅನುಮತಿ ಕೊಡಬೇಕು ಎಂಬ ಪತ್ರ ಕಚೇರಿಯಿಂದ ಕಚೇರಿಗೆ ಓಡಾಡುತ್ತಿದೆ. ರಾಯರು ಅದರ ಹಿಂದೆ ಓಡಾಡುತ್ತಿದ್ದಾರೆ.

ನನ್ನ ಪ್ರಶ್ನೆಗೆ ನೀವು ಸುಳ್ಳು ಹೇಳಲಿಲ್ಲ. ಅದನ್ನು ಗಮನಿಸಿದ್ದೇನೆ.

ಮುಬಶೀರಾ


೧೨ ಡಿಸೆಂಬರ್ ೨೦೨೪

ಅಮ್ಮಿ,

ಹೊಳೆದಂಡೆಯ ಹಳ್ಳಿಯ ರೇಣವ್ವ ಎಂಬಾಕೆ ನಿನ್ನೆ ಮುಂಜಾನೆ ನೋವು ಬಂದಾಗ ಇಲ್ಲಿಗೇ ಬಂದಳು. ಚೀಟಿ ಕೊಟ್ಟಿದ್ದೆ, ಆದರೂ ಬಂದಳು. ಕೈಯಿಟ್ಟು ನೋಡಿದೆ, ಇನ್ನೂ ಸಮಯವಿದೆ ಅನ್ನಿಸಿತು. ಟೆಂಪೋದಲ್ಲಿ ಹುನಗುಂದಕ್ಕೆ ಕಳುಹಿಸಿದೆ, ನಮ್ಮ ನರ್ಸಮ್ಮನನ್ನೂ ಜೊತೆಗೆ ಕೂಡಿಸಿದೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ರಸ್ತೆ ಕಟ್ಟಿತ್ತು. ನೀರೊಡೆದು ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿತು. ನರ್ಸಮ್ಮ ತನಗೆ ಏನೆಲ್ಲ ಮಾಡಲು ಬರುತ್ತದೆಯೋ ಎಲ್ಲ ಮಾಡಿದ್ದಾಳೆ.

ಗಂಡು ಮಗು. ಉಳಿಯಲಿಲ್ಲ.

ನನ್ನ ಮೇಜಿನ ಮೇಲೆ ಆಗಿದ್ದರೆ ಉಳಿಯುತ್ತಿತ್ತೇ ಎಂದು ಕೇಳಬೇಡಿ. ಬಹುಶಃ ಉಳಿಯುತ್ತಿತ್ತು.

ತೊಲೆ ಬಿದ್ದಿಲ್ಲ.

ಮು.


ನವನಗರ, ಬಾಗಲಕೋಟೆ
೧೯ ಜನವರಿ ೨೦೨೫

ಮುಬಶೀರಾ,

ನಾನು ಬರೆದ ಎರಡು ಪತ್ರಗಳಿಗೆ ಉತ್ತರವಿಲ್ಲ. ಫೋನ್ ಎತ್ತುವುದಿಲ್ಲ. ನಿಮ್ಮ ಅಬ್ಬಾನ ಹತ್ತಿರ ಮಾತಾಡುತ್ತೀ ಎಂಬುದೇ ಸಮಾಧಾನ. "ಆರಾಮ ಅದಾಳ" ಎಂದಷ್ಟೇ ಹೇಳಿ ಅವರು ಪೇಪರ್ ಹಿಡಿಯುತ್ತಾರೆ. ಆರಾಮ ಇಲ್ಲವೆಂದು ಅವರ ಪೇಪರ್ ಹಿಡಿಯುವ ರೀತಿಯೇ ಹೇಳುತ್ತದೆ.

ಕಾಲೇಜಿನಿಂದ ಬಂದ ಮೇಲೂ ಮಾದರಿಯನ್ನು ಓಡಿಸುತ್ತಲೇ ಇದ್ದೇನೆ. ತೊಲೆ ಬೀಳಲಿ ಎಂದು ಕಾಯುತ್ತೇನೆ, ಬಿದ್ದರೆ ಮುಚ್ಚಿಸಿದ್ದು ಸರಿಯಾಯಿತಲ್ಲ ಎಂದು. ಹಾಗೆ ಕಾಯುವ ನನ್ನನ್ನು ಕಂಡು ನನಗೇ ಹೆದರಿಕೆಯಾಗುತ್ತದೆ. ಒಂದು ಕೂಸಿನ ತೂಕಕ್ಕೆ ಎದುರಾಗಿ ತಕ್ಕಡಿಯಲ್ಲಿ ಏನಿಡಬೇಕು? ಬಿದ್ದಿರದ ಛಾವಣಿಯನ್ನೇ? ಅದಕ್ಕೆ ತೂಕವೇ ಇಲ್ಲ.

ಅನುಮತಿ ಬಂದಿದೆಯೆಂದು ರಾಯರು ತಿಳಿಸಿದರು. ಮುಂದಿನ ತಿಂಗಳು ತೊಲೆ ಒಡೆಯುತ್ತಾರೆ. ನಾನು ಬರುತ್ತೇನೆ. ನೀನು ಮಾತಾಡದಿದ್ದರೂ ಸರಿ.

ಅಮ್ಮಿ


ನವನಗರ, ಬಾಗಲಕೋಟೆ
೨೩ ಫೆಬ್ರುವರಿ ೨೦೨೫

ಪ್ರೀತಿಯ ಮುಬಶೀರಾ,

ಅಲ್ಲಿ ನಿನ್ನೆದುರು ನಿಂತು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ನೀನೂ ನೋಡಿದ್ದೀ, ಆದರೂ ನನ್ನ ಬಾಯಿಂದ ಬರಬೇಕು.

ಹೆರಿಗೆ ಕೋಣೆಯ ಕಡೆಯಿಂದ ಒಡೆಯುತ್ತ ಬಂದರು. ಮೇಜಿನ ಮೇಲಿನ ಭಾಗ ತೆರೆದಾಗ ಸರಳುಗಳ ಮೇಲೆ ತುಕ್ಕಿತ್ತು, ನಿಜ. ಆದರೆ ತುಕ್ಕನ್ನು ಉಜ್ಜಿದರೆ ಒಳಗೆ ದಪ್ಪ ಕಬ್ಬಿಣ. ಕೆಲಸದ ಮುರ್ತುಜಸಾಬ ಅದನ್ನು ಸುತ್ತಿಗೆಯಿಂದ ಬಡಿದು, "ಇದು ಇನ್ನೂ ತಡೀತಿತ್ರಿ ಮೇಡಂ" ಅಂದ. ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ಕಂಡದ್ದನ್ನು ಅಂದ. ನೀನು ಬಾಗಿಲಲ್ಲಿದ್ದೆ. ನಾನು ನಿನ್ನ ಕಡೆ ನೋಡಲಿಲ್ಲ. ಆ ಟೆಂಪೋ, ಆ ಕಬ್ಬಿನ ರಸ್ತೆ, ಎಲ್ಲ ನನ್ನ ಎದುರು ಬಂದು ನಿಂತವು.

ಆಮೇಲೆ ಪಡಸಾಲೆಯ ಕಡೆ ಬಂದರು. ಆ ತುದಿಗೆ ಮರದ ಹಲಗೆ ಹೊಡೆದು, ಮೇಲೆ ದಾನಿಗಳ ಹೆಸರು ಬರೆಸಿದ್ದರಲ್ಲ, ಅದನ್ನು ಕಿತ್ತರು. ಹಲಗೆಯ ಜೊತೆಗೇ ಕಾಂಕ್ರೀಟು ಪುಡಿಯಾಗಿ ಸುರಿಯಿತು. ಒಳಗೆ ಸರಳು ಇರಬೇಕಾದಲ್ಲಿ ಕಂದು ಬಣ್ಣದ ಪದರಗಳಿದ್ದವು. ಬೆರಳಿನಿಂದ ತಿಕ್ಕಿದರೆ ಉದುರುತ್ತಿದ್ದವು. ಮೇಲಿನ ಮಹಡಿಯಲ್ಲಿ ಹಿಂದೆ ಒಂದು ಬಚ್ಚಲಿತ್ತಂತೆ. ಅದನ್ನು ಮುಚ್ಚಿ ಫರಸಿ ಕಲ್ಲು ಹಾಸಿದ್ದಾರೆ, ಒಳಗಿನ ಕೊಳವೆ ಹಾಗೇ ಉಳಿದು ಈ ತುದಿಗೆ ವರ್ಷಗಟ್ಟಲೆ ನೀರು ಇಳಿಸಿದೆ. ನಕ್ಷೆಯಲ್ಲಿ ಅದು ಇರಲಿಲ್ಲ.

ಬೆಂಚುಗಳು ಇರುತ್ತಿದ್ದದ್ದು ಅದರ ಕೆಳಗೇ. ಆ ದಿನ ಮುಂಜಾನೆಯಷ್ಟೇ ನೀನು ಎತ್ತಿಸಿದ ಬೆಂಚುಗಳು. ನವೆಂಬರಿನಿಂದ ದಿನವೂ ತುಂಬಿರುತ್ತಿದ್ದ ಬೆಂಚುಗಳು. ನನ್ನ ವರದಿಯಲ್ಲಿ "ಪಡಸಾಲೆ ಬಳಸಬಹುದು" ಎಂದಿತ್ತು.

ತೊಲೆ ಕೆಟ್ಟಿದೆ ಎಂದದ್ದು ಸರಿ, ಎಲ್ಲಿ ಎಂದದ್ದು ತಪ್ಪು. ಮಾದರಿಗೆ ನಾನು ಕೊಟ್ಟದ್ದು ಒಂದೇ ಕಡೆಯ ತುಣುಕುಗಳು. ರಿಜ್ವಾನನಿಗೆ ಕೊಟ್ಟದ್ದೂ ಅವೇ. ಆ ಹಲಗೆಯನ್ನು ಬಿಚ್ಚಿ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಬೇರೆ ಯಾವ ಕಟ್ಟಡವಾಗಿದ್ದರೂ ಬಿಚ್ಚಿಸುತ್ತಿದ್ದೆ, ಅದು ನಾನು ನನ್ನ ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠ. ನಾನು ನೋಡಿದ್ದು ನೀನು ನಿಲ್ಲುವ ತುದಿಯನ್ನು ಮಾತ್ರ.

ನೀನು ಸೆಪ್ಟೆಂಬರಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದು. ಊಹೆಯನ್ನು ನಾನು ತಾಯಾಗಿ ಇಳಿಸಲಿಲ್ಲ. ಆದರೆ ನೋಡಲು ಹೋದದ್ದು ತಾಯಾಗಿಯೇ.

ಈ ಕೆಲಸವನ್ನು ಇನ್ನು ರಿಜ್ವಾನ ಮಾಡಲಿ ಅನ್ನಿಸುತ್ತಿದೆ.

ಅಮ್ಮಿ


ಮಥುರಾಬಾಯಿ ಹೆರಿಗೆ ದವಾಖಾನೆ
೧೬ ಮಾರ್ಚ್ ೨೦೨೫

ಪ್ರೀತಿಯ ಅಮ್ಮಿ,

ಮೂರು ಸಲ ಬರೆಯಲು ಕುಳಿತು ಎದ್ದೆ. ಇವತ್ತು ಮುಗಿಸುತ್ತೇನೆ.

ತೊಲೆ ತೆರೆದ ಮರುದಿನ ನಾನು ರೇಣವ್ವನ ಮನೆಗೆ ಹೋದೆ. ಯಾರೋ ಹೇಳಿ ಅವಳಿಗೆ ತಿಳಿಯುವುದಕ್ಕಿಂತ ನಾನೇ ಹೇಳಬೇಕಿತ್ತು. ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಕೈಯಲ್ಲಿದ್ದ ಮೊರ ಕೆಳಗಿಡಲಿಲ್ಲ.

"ಆ ತೊಲಿ ಬೀಳ್ತಿತ್ತೇನ್ರಿ?" ಎಂದು ಕೇಳಿದಳು.

"ಒಂದು ಕಡೆ ಒಳಗ ಕಬ್ಬಿಣs ಉಳಿದಿರಲಿಲ್ಲವ್ವ" ಎಂದೆ. "ಆದರ ಹೆರಿಗಿ ಮೇಜಿನ ಮ್ಯಾಲೆ ಅಲ್ಲ. ಹೊರಗ, ಬೆಂಚಿನ ಮ್ಯಾಲೆ."

ಅವಳು ಬಹಳ ಹೊತ್ತು ಕಾಳಿನಲ್ಲಿ ಕೈಯಾಡಿಸಿದಳು. "ಹಂಗಾರ ನಾ ಆ ಬೆಂಚಿನ ಮ್ಯಾಲೆ ಭಾಳ ಸರೆ ಕುಂತೇನಿ" ಅಂದಳು. ಆಮೇಲೆ, "ನನ್ನ ಕೂಸಿನ ಸುದ್ದಿ ಹೇಳಾಕ ಬಂದ್ರೇನು, ತೊಲಿ ಸುದ್ದಿ ಹೇಳಾಕ ಬಂದ್ರೇನು?" ಎಂದು ಕೇಳಿದಳು. ಅವಳು ಎದ್ದು ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ನೀರಿನ ತಂಬಿಗೆ ಹಿಡಿದು ಬಂದಳು. ಕೈಗೆ ಕೊಡಲಿಲ್ಲ, ಪಕ್ಕಕ್ಕಿಟ್ಟು ಹೇಳಿದಳು: "ನನಗ ಏನೂ ಹೇಳಬ್ಯಾಡ್ರಿ. ನಮ್ಮ ಓಣ್ಯಾಗ ಇನ್ನಾ ಇಬ್ಬರದು ದಿನ ತುಂಬೇದ. ಅವರನ್ನ ಆ ರಸ್ತಾಕ್ಕ ಹಾಕಬ್ಯಾಡ್ರಿ."

ಅವಳು ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಬೇಕೆಂದೂ ನಾನು ಅಂದುಕೊಂಡಿಲ್ಲ.

ಅಲ್ಲಿಂದ ನೇರ ರಾಯರ ಮನೆಗೆ ಹೋದೆ. ಹೊಸ ತೊಲೆ ಬರಲು ಮಳೆಗಾಲ ಕಳೆಯಬೇಕು, ಅಲ್ಲಿಯವರೆಗೆ ನಿಮ್ಮ ಮುಂದಿನ ಕೋಣೆ ಕೊಡಿ ಎಂದೆ. ಅವರ ಹೆಂಡತಿ ಮೃಣಾಲಿನಿಬಾಯಿ ನಾನು ಮಾತು ಮುಗಿಸುವ ಮೊದಲೇ ಅಲ್ಲಿಯ ತೂಗುಮಂಚ ಬಿಚ್ಚಿಸಲು ಆಳನ್ನು ಕರೆದರು. ರಾಯರು ಮಾತ್ರ ಕುಳಿತಲ್ಲೇ ಕುಳಿತು, "ಡಾಕ್ಟರಬಾಯಿ, ಈ ಮಾತು ನವೆಂಬರದಾಗ ನನಗs ಯಾಕ ಹೊಳೀಲಿಲ್ಲ?" ಅಂದರು. ನನಗೂ ಹೊಳೆದಿರಲಿಲ್ಲ. ನಾವೆಲ್ಲ ತೊಲೆಯನ್ನೇ ನೋಡುತ್ತಿದ್ದೆವು.

ಬಿಸಿನೀರು, ಬೆಳಕು, ಮೇಜು ಎಲ್ಲ ಸಾಗಿಸಿ, ಆರೋಗ್ಯ ಇಲಾಖೆಯವರು ಬಂದು ನೋಡಿ ಒಪ್ಪಿದ್ದಾರೆ. ಹೋದ ಬುಧವಾರ ರೇಣವ್ವನ ಓಣಿಯ ಒಬ್ಬಾಕೆ ಅಲ್ಲಿ ಹೆತ್ತಳು. ಹೆಣ್ಣು ಮಗು, ಬಂದ ಕೂಡಲೇ ಇಡೀ ಮನೆ ಎಬ್ಬಿಸುವಂತೆ ಅತ್ತಿತು. ಅವಳನ್ನು ಕರೆತಂದದ್ದು ರೇಣವ್ವನೇ. ಒಳಗೆ ಬರಲಿಲ್ಲ. ಅಳು ಕೇಳಿದ ಮೇಲೆ ಎದ್ದು ಹೋದಳಂತೆ.

ಈಗ ನಿಮ್ಮ ಮಾತು. ಕೆಲಸ ರಿಜ್ವಾನ ಮಾಡಲಿ ಎಂದು ಬರೆದಿದ್ದೀರಿ. ಅಂದು ಮುಂಜಾನೆ ಆ ರಸ್ತೆಯ ಮೇಲೆ ನಾನು ಕಳುಹಿಸಿದ್ದು ನನ್ನ ಕೈಯ ಅಂದಾಜಿನಿಂದ. ಇನ್ನೂ ಸಮಯವಿದೆ ಅಂದುಕೊಂಡಿದ್ದೆ. ಮರುದಿನವೂ ಬಂದವರನ್ನು ಅದೇ ಕೈಯಿಂದ ನೋಡಿದೆ. ಬೇರೆ ಕೈ ನನಗಿಲ್ಲ.

ರಾಯರ ಈ ಕೋಣೆ ಹಳೆಯ ಮಾಳಿಗೆಯದು. ಮೇಲೆ ಮಣ್ಣು, ಕೆಳಗೆ ಬೇವಿನ ಜಂತಿಗಳು. ಒಂದು ಜಂತಿ ನಡುವೆ ಸ್ವಲ್ಪ ಬಾಗಿದಂತೆ ನನಗೆ ಕಾಣುತ್ತದೆ. ಮೃಣಾಲಿನಿಬಾಯಿ, "ನಾ ಲಗ್ನಾಗಿ ಬಂದಾಗಿಂದ ಅದು ಹಂಗs ಅದ" ಅನ್ನುತ್ತಾರೆ. ಇದಕ್ಕೆ ಕಾಂಕ್ರೀಟಿನ ಲೆಕ್ಕ ನಡೆಯುವುದಿಲ್ಲ ಎಂದು ಗೊತ್ತು. ಆದರೂ ನೀವೇ ಬಂದು ನೋಡಬೇಕು. ನಾಲ್ಕೂ ಗೋಡೆ, ಪ್ರತಿ ಜಂತಿ, ಬಾಣಂತಿಯರು ಮಲಗುವ ಕಡೆ, ಹೊರಗೆ ಅವರ ಅವ್ವಂದಿರು ಕೂಡುವ ಕಡೆ.

ನೀವು ಬರುವವರೆಗೆ ಮೇಜನ್ನು ಆ ಜಂತಿಯ ಕೆಳಗಿನಿಂದ ಗೋಡೆಯ ಪಕ್ಕಕ್ಕೆ ಸರಿಸಿದ್ದೇನೆ. ಜಾಗ ಇಕ್ಕಟ್ಟಾಗಿದೆ, ಒಂದೇ ಬದಿಯಿಂದ ನಿಂತು ಕೆಲಸ ಮಾಡಬೇಕು. ಬೇಗ ಬನ್ನಿ.

ನಿಮ್ಮ ಮಗಳು,
ಮುಬಶೀರಾ